ಹೊತ್ತಿಗೆ ಮೊದಲೇ ಬಿದ್ದ ಕಟ್ಟು

ಹುದಿಕೇರಿ,
ಎಡಮ್ಯಾರ್ ತಿಂಗಳು, ಮಂಗಳವಾರ

ನನ್ನ ಮುದ್ದು ಮಗಳು ಪೂವಮ್ಮನಿಗೆ ನಿನ್ನ ಅವ್ವನ ಆಶೀರ್ವಾದ.

ಮೈಗೆ ಹೇಗಿದೆ ಮಗಳೇ? ಅರಮನೆಯ ಆ ಕತ್ತಲೆ ಕೋಣೆಯಲ್ಲಿ ನಿನ್ನ ಕೆಮ್ಮು ಇಳಿಯಿತೇ? ಗಂಡ ಸತ್ತ ದುಃಖದ ಮೇಲೆ ಮೈದುನ ಹಾಕಿದ ಸೆರೆ ಬೇರೆ. ಸಿಂಹಾಸನದ ಮೇಲೆ ಕುಳಿತ ಮಾತ್ರಕ್ಕೆ ಅವನು ರಾಜನಾಗುವುದಿಲ್ಲ. ಅವನ ಅಣ್ಣ ಸಾಯುವಾಗ ಪಟ್ಟ ಕೊಟ್ಟದ್ದು ನಿನ್ನ ಮಗಳಿಗೆ. ಈ ಕಾಗದದ ಅಕ್ಷರ ನಮ್ಮ ದೇವಸ್ಥಾನದ ಚಿದಂಬರ ಭಟ್ಟರದು, ಸಿಟ್ಟು ನನ್ನದು.

ನಾನು ಬಚ್ಚಿಟ್ಟುಕೊಂಡ ನಿನ್ನ ನೀಲಮ್ಮ ಇಲ್ಲಿ ಚೆನ್ನಾಗಿದ್ದಾಳೆ. ಎಂಟು ವರ್ಷದ ಹುಡುಗಿಗೆ ಎಷ್ಟು ಹಟ! ಹೊಸತರಲ್ಲಿ, ಮನೆಗೆ ಯಾರು ಬಂದರೂ ತನಗೆ ಕೈಮುಗಿಯಲಿ ಎಂದು ನೆಟ್ಟಗೆ ನಿಲ್ಲುತ್ತಿದ್ದಳು. ಚಿಕ್ಕವರು ಹಿರಿಯರ ಕಾಲು ಮುಟ್ಟಬೇಕೆಂದು ಕಲಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅದಕ್ಕಿಂತ ದೊಡ್ಡ ಕಷ್ಟ ಊಟದ್ದು. ಅರಮನೆಯವರು ಲಿಂಗವಂತರು, ಮಾಂಸ ಮುಟ್ಟುವವರಲ್ಲ. ನಮ್ಮಲ್ಲೋ ಹಂದಿ ಇಲ್ಲದೆ ನೆಂಟರ ಊಟವಿಲ್ಲ. ಇದು ನಿನ್ನ ಮೈದುನನಿಗೂ ಗೊತ್ತು. ಅವಳನ್ನು ಹುಡುಕುವ ಅವನ ಜನ ಊರೂರಲ್ಲಿ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ, ಹಂದಿ ಸಾರು ಬಡಿಸಿ, ಯಾರು ಉಣ್ಣುವುದಿಲ್ಲವೆಂದು ನೋಡುತ್ತಿದ್ದಾರೆ ಎಂದು ಶ್ರೀಮಂಗಲದಿಂದ ಸುದ್ದಿ ಬಂತು. ಕೂಡಲೇ ಊರಿನ ಹಿರಿಯರಾದ ತಕ್ಕರ ಬಳಿಗೆ ಓಡಿದೆ. ಹಬ್ಬಕ್ಕೆ ಮೊದಲು ಊರಲ್ಲಿ ಯಾರೂ ಮಾಂಸ ಬೇಯಿಸದಂತೆ ದೇವರ ಕಟ್ಟು ಬೀಳುತ್ತದಲ್ಲ, ಈ ಸಲ ಅದನ್ನು ಬೇಗ ಹಾಕಿಸಿ ಎಂದೆ. “ದೇವರು ಯಾಕೇಂತ ಕೇಳಿದ್ರೆ?” ಅಂದರು. “ನನ್ನ ಹೆಸರು ಹೇಳಿ” ಅಂದೆ.

ಅವನ ಜನ ಬಂದಾಗ ಊರಿನ ಒಂದು ಒಲೆಯ ಮೇಲೂ ಮಾಂಸವಿಲ್ಲ. ಕಟ್ಟು ಮುರಿಯುವ ಧೈರ್ಯ ಅವರಿಗೂ ಬರಲಿಲ್ಲ. ನೀಲಮ್ಮನ ಲಿಂಗವನ್ನು ಜಡೆಯೊಳಗೆ ಸುತ್ತಿ ಹೂ ಮುಡಿಸಿದ್ದೆ. ನಮ್ಮ ಒಕ್ಕದ ಮನೆಗಳ ಹೆಣ್ಣುಮಕ್ಕಳ ಜೊತೆ ಬಂದು ಅವರ ದಳವಾಯಿಯ ಕಾಲು ಮುಟ್ಟಿದಳು. ನನಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು. ಅವರು ಹೋದ ಮೇಲೆ, “ಅಜ್ಜಿ, ನಾನು ರಾಣಿಯಾದ್ಮೇಲೆ ಅವನನ್ನ ಏನು ಮಾಡ್ಲಿ?” ಎಂದಳು. “ಊಟ ಹಾಕು” ಎಂದೆ. ಅವಳಿಗೆ ಅದು ಅಷ್ಟು ಹಿಡಿಸಲಿಲ್ಲ.

ಹಬ್ಬ ಮುಗಿದು ಕಟ್ಟು ಬಿಟ್ಟ ದಿನ ಮತ್ತೆ ಬರುತ್ತೇವೆ ಎಂದು ಹೇಳಿ ಹೋಗಿದ್ದಾರೆ. ಬರಲಿ. ಯಾರು ಎಷ್ಟು ಗದರಿಸಿದರೂ ನೀನು ಬಾಯಿ ಬಿಡಬೇಡ. ಕಾವೇರಿ ತಾಯಿ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಬೊಳ್ಳಮ್ಮ

ಇನ್ನೊಂದು ಮಾತು. ಇದನ್ನು ತರುವ ಹೂವಿನ ಸಿದ್ದಮ್ಮ ಅವಸರ ಮಾಡುತ್ತಿದ್ದಾಳೆ. ಹಬ್ಬದ ಮುನ್ನಾದಿನ ನಿನ್ನ ಅಣ್ಣ ಮಗುವನ್ನು ವಯನಾಡಿಗೆ ದಾಟಿಸುತ್ತಾನೆ. ಆಮೇಲೆ ಇಲ್ಲಿ ಸಾವು ಸಾರುವ ಜೋಡಿ ಗುಂಡು ಹಾರಿಸಿ, ಮಗುವನ್ನು ಬಚ್ಚಿಟ್ಟವಳು ನಾನೇ, ಅವಳನ್ನು ಹುಲಿ ಹೊತ್ತೊಯ್ದಿತು ಎಂದು ಊರಿಗೆಲ್ಲ ಸಾರುತ್ತೇನೆ. ಸುದ್ದಿ ಮುಟ್ಟಿದಾಗ ಅರಮನೆಯೆಲ್ಲ ಕೇಳುವಂತೆ ಎದೆ ಬಡಿದುಕೊಂಡು ಅಳು. ಆದರೆ ನಂಬಬೇಡ. ಅದರ ಹಿಂದೆಯೇ ನನ್ನ ಸಾವಿನ ಸುದ್ದಿ ಬಂದರೆ, ಅದನ್ನು ಮಾತ್ರ ನಂಬು.