ಬಿಗಿಯಾದ ನಲ್ಲಿ

ಏಪ್ರಿಲ್ ೧೮, ಶುಕ್ರವಾರ

ಬಿಸಿಲೇರಿದ ಮೇಲೆ ತೋಟದ ಹುಲ್ಲಿಗೂ ಗಿಡಗಳಿಗೂ ನೀರು ಬಿಡಬಾರದೆಂದು ನೀರಿನ ಇಲಾಖೆಯವರು ಮನೆಗೇ ಬಂದು ಎಚ್ಚರಿಸಿ ಹೋಗಿದ್ದರು. ಮಾವನವರಿಗೆ ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು, ಮಧ್ಯಾಹ್ನ ಊಟವಾದ ಕೂಡಲೇ ಅವರು ಪೈಪು ಹಿಡಿಯುವುದು ತಪ್ಪಲಿಲ್ಲ. ಅದಕ್ಕೇ ಇವತ್ತು ಬೆಳಗಿನ ಜಾವ ನಾನೇ ಗಿಡಗಳಿಗೆಲ್ಲ ನೀರು ಹಾಕಿ, ತೋಟದ ನಲ್ಲಿಯನ್ನು ಸ್ಪ್ಯಾನರ್ ಹಾಕಿ ಬಿಗಿಮಾಡಿಬಿಟ್ಟೆ. ಅವರಿಗೆ ಹೇಳಲಿಲ್ಲ. ಮತ್ತೆ ಯಾರು ಜಗಳ ಕಾಯುವುದು?

ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಬಲಗೈಯಲ್ಲಿ ತಿರುಗಿಸಿದರು, ಎಡಗೈಯಲ್ಲಿ ತಿರುಗಿಸಿದರು, ಟವೆಲ್ ಸುತ್ತಿಯೂ ತಿರುಗಿಸಿದರು. ಗೆದ್ದೆನೆಂದು ನನಗೆ ನಗು ಬಂತು. ಎಂಥ ನಗು ಅದು!

ಒಳಗೆ ಬಂದವರು ಅಂಗೈ ನೋಡಿಕೊಳ್ಳುತ್ತಾ ಕೂತರು. "ಕೈಲಿ ಶಕ್ತಿನೇ ಉಳಿದಿಲ್ಲ ಕಣಮ್ಮ. ಒಂದು ನಲ್ಲಿ ತಿರುಗ್ಸೋಕಾಗ್ಲಿಲ್ಲ."

ನಿಜ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಈ ಮನೆಗೆ ಬಂದಾಗಿನಿಂದ ನನ್ನ ಕೈಗೆ ಬಗ್ಗದ ಮುಚ್ಚಳಗಳೆಲ್ಲ ಅವರ ಕೈಗೇ ಹೋಗುತ್ತಿದ್ದವು. "ತಾ ಇಲ್ಲಿ, ಇದೇನು ಮಹಾ" ಎನ್ನುತ್ತಿದ್ದರು.

ಸಂಜೆ ಕದ್ದು ಹೋಗಿ ನಲ್ಲಿಯನ್ನು ಸಡಿಲಗೊಳಿಸಿದೆ. ಅವರು ಆ ಕಡೆ ತಲೆ ಹಾಕಲಿಲ್ಲ.

ಊಟದ ಮೇಲೆ ಮಾತ್ರೆಯ ಡಬ್ಬಿಯನ್ನು ನನ್ನ ಮುಂದಿಟ್ಟು, "ಇನ್ಮೇಲೆ ಇದನ್ನೂ ನೀನೇ ತೆಗೆದ್ಕೊಡಮ್ಮ" ಎಂದರು.

ಮುಚ್ಚಳ ಸಡಿಲವಾಗಿಯೇ ಇತ್ತು. ಅವರು ತಿರುಗಿಸಿ ನೋಡಿಯೇ ಇರಲಿಲ್ಲ.