ನನ್ನ ಗಂಡನ ಸಹಿ ಹಾಕಿದವರು ಯಾರು?

ಆಂಬುಲೆನ್ಸ್ ಸೇವೆಯ ಉಸ್ತುವಾರಿ ಹೊತ್ತ ಮಾನ್ಯರೇ,

ನನ್ನ ಗಂಡ ಇಜಾಜ್ ಶಿರಾದಲ್ಲಿ ಒಂಬತ್ತು ವರ್ಷ ಆಂಬುಲೆನ್ಸ್ ಓಡಿಸಿದವರು. ಅವರಿಗೆ ಆಪ್ತಸಮಾಲೋಚನೆ ಕೊಡಿಸಿದ್ದೇವೆ ಎಂದು ನಿಮ್ಮ ಕಚೇರಿ ಬರೆದುಕೊಂಡಿದೆ. ಅದು ಸುಳ್ಳು. ಆ ಸುಳ್ಳನ್ನೇ ಆಧಾರ ಮಾಡಿಕೊಂಡು ಅವರನ್ನು ಅಮಾನತಿನಲ್ಲಿಟ್ಟಿರಿ. ನಾನು ಕೊಟ್ಟ ಮೂರು ಅರ್ಜಿಗಳನ್ನು ನೀವು ಓದಲಿಲ್ಲ. ಇದನ್ನು ಊರೇ ಓದಲಿ.

ಕಳೆದ ವರ್ಷ ಹೆದ್ದಾರಿಯಲ್ಲಿ ಲಾರಿ ಬಡಿದು ಮಧುಗಿರಿ ಕಡೆಯ ಬೈಕ್ ಸವಾರರೊಬ್ಬರು ಸ್ಥಳದಲ್ಲೇ ತೀರಿಕೊಂಡರು. ಇಜಾಜ್ ಆ ಸವಾರರ ದೇಹ ಎತ್ತುವಾಗ ಅವರ ಜೇಬಿನಲ್ಲಿದ್ದ ಫೋನ್ ರಿಂಗಾಯಿತು. ಆ ಕಡೆ ಅವರ ಹೆಂಡತಿ ವೇದಾವತಿ. "ಅಣ್ಣಾ, ಅವ್ರಿಗೇ ಒಸಿ ಕೊಡಿ, ಮಾತಾಡ್ತೀನಿ" ಎಂದರಂತೆ. ಇವರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಆಮೇಲೆ ಫೋನ್ ಮಾಡುಸ್ತೀನಿ ಕಣಮ್ಮ" ಎಂದುಬಿಟ್ಟರು. ಸಂಜೆ ಶವಾಗಾರದ ಮುಂದೆ ಆ ಹೆಂಗಸು ದನಿಯಿಂದಲೇ ಇವರನ್ನು ಗುರುತಿಸಿದರು. "ನೀವೇನಾ ಆಮೇಲೆ ಮಾಡುಸ್ತೀನಿ ಅಂದಿದ್ದು?" ಬೈಯಲಿಲ್ಲ. ಅಷ್ಟೇ ಕೇಳಿದರು.

ಅಂದಿನಿಂದ ಮನೆಯಲ್ಲಿ ಯಾರ ಫೋನ್ ಸದ್ದಾದರೂ ಇಜಾಜ್ ಊಟ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಮಗಳು ಐಮನ್ "ಅಬ್ಬಾ" ಎಂದು ಕೂಗಿದರೂ ತಿರುಗುತ್ತಿರಲಿಲ್ಲ.

ಸಹಾಯ ಕೇಳಲು ನಾನೇ ಅವರನ್ನು ನಿಮ್ಮ ಕಚೇರಿಯ ಸಭೆಗೆ ಕರೆತಂದೆ. ನೆನಪಿದೆಯೇ? ನೀವು ತಲೆಯೆತ್ತದೆ ಹೇಳಿದಿರಿ: "ಡ್ರೈವರ್‌ಗೆ ಏನ್ರೀ ಡಿಪ್ರೆಷನ್ನು? ಅದೆಲ್ಲ ದೊಡ್ಡವರ ಕಾಯಿಲೆ. ಹೋಗಿ ಗಾಡಿ ಓಡ್ಸಪ್ಪಾ." ಸಭೆಯಲ್ಲಿದ್ದವರೆಲ್ಲ ನಕ್ಕರು. ಇಜಾಜ್ ಕೂಡ ನಕ್ಕರು, ಪಾಪ, ದೊಡ್ಡವರು ನಕ್ಕಾಗ ನಗಬೇಕಲ್ಲ. ಹದಿನೈದು ದಿನದಲ್ಲಿ ನೀವು ಬರೆದ ಔಷಧಿ ಬಂತು: ಪಾವಗಡಕ್ಕೆ ವರ್ಗಾವಣೆ. ಹೆಂಡತಿ ಮಕ್ಕಳಿಂದ ದೂರವಿದ್ದರೆ ಮನಸ್ಸು ನೆಟ್ಟಗಾಗುತ್ತದೆ ಎಂದು ಯಾವ ವೈದ್ಯಶಾಸ್ತ್ರದಲ್ಲಿ ಓದಿದಿರಿ?

ಎರಡು ತಿಂಗಳ ಬಳಿಕ, ಒಂದು ಮಧ್ಯಾಹ್ನ, ಗಾಡಿಯ ನರ್ಸ್ ರಂಗರಾಜು ನನಗೆ ಫೋನ್ ಮಾಡಿದರು. "ಅಕ್ಕಾ, ತಿರುಮಣಿ ರೋಡಲ್ಲಿ ಇಜಾಜಣ್ಣ ಗಾಡಿ ಸೈಡಿಗೆ ಹಾಕ್ಬುಟ್ಟು ಸ್ಟೇರಿಂಗ್ ಹಿಡ್ಕಂಡು ಕುಂತವ್ರೆ. ಏನ್ ಕೇಳಿದ್ರೂ ಮಾತಿಲ್ಲ. ಹಿಂದ್ಗಡೆ ಹೆರಿಗೆ ನೋವಿನ ಹೆಂಗ್ಸು ಐತೆ!" ಆ ಹೆಂಗಸಿನ ಹೆಸರು ನರಸಮ್ಮ. ಕೊನೆಗೆ ರಂಗರಾಜು ತಾವೇ ಗಾಡಿ ಓಡಿಸಿದರು. ದೇವರು ದೊಡ್ಡವನು, ತಾಯಿ ಮಗು ಉಳಿದರು. ಅವರಿಗೇನಾದರೂ ಆಗಿದ್ದರೆ ಹೊಣೆ ಯಾರದಾಗುತ್ತಿತ್ತು, ಮಾನ್ಯರೇ? ನಗಲು ನಿಮ್ಮ ಸಭೆಯಿತ್ತು. ಜೈಲಿಗೆ ಹೋಗಲು ನನ್ನ ಗಂಡನಿದ್ದರು.

ನಿಮ್ಮ ಅಮಾನತು ಆದೇಶದಲ್ಲಿ "ಆಪ್ತಸಮಾಲೋಚನೆ ನೀಡಿದ ನಂತರವೂ ಕರ್ತವ್ಯಲೋಪ" ಎಂಬ ಸಾಲಿತ್ತು. ಇಜಾಜ್ "ಬಿಡು ಸಾದಿಯಾ, ದೊಡ್ಡವರ ಸಹವಾಸ ಬೇಡ" ಎಂದರು. ನಾನು ಬಿಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನೀವು ನಡೆಸಿದೆವೆಂದ ಆಪ್ತಸಮಾಲೋಚನಾ ಶಿಬಿರದ ಹಾಜರಿ ಪುಸ್ತಕದ ನಕಲು ಪಡೆದೆ. ಅದರಲ್ಲಿ ಇಜಾಜರ ಸಹಿ ಮುತ್ತಿನಂತಹ ಕನ್ನಡ ಅಕ್ಷರಗಳಲ್ಲಿದೆ. ನನ್ನ ಗಂಡ ಉರ್ದು ಶಾಲೆಯಲ್ಲಿ ಓದಿದವರು. ಮದುವೆ ಕಾಗದದಿಂದ ನಿಮ್ಮ ಸಂಬಳದ ಪಟ್ಟಿಯವರೆಗೆ ಅವರು ಸಹಿ ಹಾಕಿರುವುದು ಉರ್ದುವಿನಲ್ಲೇ.

ಆ ಪುಸ್ತಕದಲ್ಲಿ ಹನ್ನೆರಡು ಆಂಬುಲೆನ್ಸ್ ಸಿಬ್ಬಂದಿಯ ಹೆಸರುಗಳಿವೆ. ಈಗ ಮನೆ ನಡೆಸುತ್ತಿರುವ ನನ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ನಾನು ಉಳಿದ ಹನ್ನೊಂದು ಮನೆಗೂ ಹೋದೆ. ಕೊರಟಗೆರೆಯ ಭೀಮರಾಜು "ಯಾವ ಶಿಬ್ರ ಕಣಮ್ಮ? ನಾನ್ ನೋಡೇ ಇಲ್ವಲ್ಲ" ಎಂದು ನಕಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತರು. ಅವರು ಕೆರೆಯಿಂದ ಎತ್ತಿದ ಹೆಣಗಳ ಮಾತನ್ನು ಯಾರೂ ಈವರೆಗೆ ಕೇಳಿರಲಿಲ್ಲವಂತೆ. ಹನ್ನೊಂದರಲ್ಲಿ ಹತ್ತು ಮಂದಿ ನನ್ನ ದೂರಿಗೆ ತಮ್ಮ ನಿಜವಾದ ಸಹಿ ಹಾಕಿಕೊಟ್ಟರು. ನಿಮ್ಮ ಮೇಲಧಿಕಾರಿಗಳಲ್ಲಿ ದೂರು ದಾಖಲಾಗಿದೆ, ವಿಚಾರಣೆಗೆ ದಿನಾಂಕವೂ ಬಿದ್ದಿದೆ.

ಇಜಾಜ್ ಈಗ ತುಮಕೂರಿನಲ್ಲಿ ಮನೋವೈದ್ಯರನ್ನು ಕಾಣುತ್ತಿದ್ದಾರೆ, ನಿಮ್ಮ ಉಪಕಾರವಿಲ್ಲದೆ. ಗಾಡಿ ಮುಟ್ಟಿಲ್ಲ. ಮೊನ್ನೆ ಐಮನ್‌ಗೆ ಜಡೆ ಹಾಕಿದರು, ಅಷ್ಟಾಗಿದೆ.

ನನಗೆ ನಿಮ್ಮ ಕ್ಷಮೆ ಬೇಡ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆ ವಾರಕ್ಕೊಮ್ಮೆ ಮನೋವೈದ್ಯರು ಕೂರಬೇಕು. ಹೆಣ ಎತ್ತಿದವನಿಗೆ ಮರುದಿನ ರಜೆ ಸಿಗಬೇಕು. ಇನ್ನೊಂದು ಮಾತು: ನಿಮ್ಮನ್ನು ವರ್ಗಾವಣೆ ಮಾಡಬೇಡಿ ಎಂದು ನಾನು ಮೇಲಿನವರಲ್ಲಿ ಲಿಖಿತವಾಗಿ ಕೇಳಿಕೊಂಡಿದ್ದೇನೆ. ನೀವು ಇಲ್ಲೇ ಇರಬೇಕು. ವಿಚಾರಣೆಯ ದಿನ ಮುಂದಿನ ಸಾಲಿನಲ್ಲಿ ನಾವೆಲ್ಲ ಕೂತಿರುತ್ತೇವೆ. ಸರದಿಯಂತೆ ಒಬ್ಬೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೀವು ಉತ್ತರ ಹೇಳಬೇಕು. ನಗು ಬಂದರೆ ಆಗಲೂ ನಗಬಹುದು.

ಇಂತಿ,
ನಿಮಗೆ ಒಮ್ಮೆ ಕೈಮುಗಿದು ತಪ್ಪು ಮಾಡಿದವಳು,
ಸಾದಿಯಾ, ಶಿರಾ