ಹಸಿರು ಸೀರೆ, ಕರಡಿಯ ತೊಗಲು

ಗಜೇಂದ್ರಗಡ
ತಾ. ೯-೧೧-೧೯೫೫, ಬುಧವಾರ

ಪ್ರೀತಿಯ ಹನಮಂತಣ್ಣನಿಗೆ ತಂಗಿ ಕಳಕವ್ವನ ನಮಸ್ಕಾರ.

ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಯ ದೂಳು ಎದೆಗಿಳಿಯುತ್ತದೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲು ಎಂದು ಹೋದ ಸಲವೇ ಬರೆದಿದ್ದೆ. ನೀನು ಕಟ್ಟಿರುವುದಿಲ್ಲ. ಯೂನಿಯನ್ನಿನ ಭಾಷಣಕ್ಕೆ ನಿನ್ನ ಬಾಯಿ ತೆರೆದೇ ಇರಬೇಕಲ್ಲ! ಸೊಲ್ಲಾಪುರದ ಖಾನಾವಳಿಯ ರೊಟ್ಟಿ ಸೇರುತ್ತದೆಯೇ? ಅವ್ವನ ಕಣ್ಣು ಇನ್ನಷ್ಟು ಮಂಜಾಗಿವೆ, ಎಳೆ ಹರಿದರೆ ಕೂಡಿಸಲು ನನ್ನನ್ನೇ ಕೂಗುತ್ತಾಳೆ. ಪಕ್ಕದ ಮನೆಯ ನಿಜಲಿಂಗಪ್ಪ ಕಾಕಾ ಮೊದಲಿನ ಹಾಗೆಯೇ ಇದ್ದಾನೆ, ಹಲ್ಲಿ ಲೊಚಗುಟ್ಟಿದರೂ ಹೆದರುತ್ತಾನೆ. ನಾನು ಹೇಗಿದ್ದೇನೆ ಎಂದು ಮುಂದೆ ಬರೆಯುತ್ತೇನೆ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ. ನೀನೇ ಕಲಿಸಿದ ಅಕ್ಷರ, ಹೆದರಿಕೆಯಲ್ಲಿ ಹೇಗೆ ಬರೆಯಬೇಕೆಂದು ಮಾತ್ರ ನೀನು ಕಲಿಸಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಶ್ರಾವಣ ಮುಗಿದ ಮೇಲೆ ಮುಶಿಗೇರಿಯ ತೋಟಪ್ಪ ಸಾವಕಾರ ಸೀರೆ ಒಯ್ಯಲು ಬಂದಿದ್ದ. ನೀನು ಹೋದ ಮೇಲೆ ಈ ಓಣಿಗೆಲ್ಲ ನೂಲು ಕೊಡುವವನೂ ಅವನೇ, ನೇಯ್ದದ್ದನ್ನು ಒಯ್ಯುವವನೂ ಅವನೇ. ಅವನ ಗುರುತು ನಿನಗೆ ಹೇಳಬೇಕೇ? ನಲವತ್ತೆರಡರಲ್ಲಿ ಪೊಲೀಸರು ಬೆನ್ನಟ್ಟಿದಾಗ ನೀವು ಹುಡುಗರು ಅವನ ಅಂಗಡಿಗೆ ನುಗ್ಗಿದಿರಿ, ಅವನು ನಿಮ್ಮನ್ನು ಹೊರಗೆ ನೂಕಿ ಕದ ಹಾಕಿಕೊಂಡ. ಈಗ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕರ್ನಾಟಕ ಒಂದಾಗಬೇಕು ಎಂದು ಭಾಷಣ ಬಿಗಿಯುತ್ತಾನೆ. ಆ ದಿನ ಕೋಟಿನ ಕಿಸೆಯಿಂದ ಒಂದು ಪುಸ್ತಕ ತೆಗೆದು ನನ್ನ ಮಗ್ಗದ ಮೇಲಿಟ್ಟ. "ನಿಮ್ಮಣ್ಣ ನಿನಗ ಓದಾಕ ಕಲಿಸ್ಯಾನಂತಲ್ಲ. ಓದು. ಇಂಥಾದ್ದು ನಿಮ್ಮ ಪ್ರಭಾತಫೇರಿಯೊಳಗ ಸಿಗೂದಿಲ್ಲ" ಎಂದ. ಗಂಡ ಸತ್ತವಳಿಗೆ ಪುರಾಣದ ಪುಸ್ತಕ ಕೊಡುವವರನ್ನು ಕಂಡಿದ್ದೆ, ಕಾದಂಬರಿ ಕೊಟ್ಟವರನ್ನು ಕಂಡಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹಿಗ್ಗಾಯಿತು.

ಅದು ಸಾವಿರ ವರ್ಷದ ಹಿಂದಿನ ಕಥೆ. ಬಡಗಣ ಸಮುದ್ರದ ಆಚೆ, ನೀರೆಲ್ಲ ಹೆಪ್ಪುಗಟ್ಟುವ ನಾಡಿನಲ್ಲಿ, ಹಾವಿನ ತಲೆ ಕೆತ್ತಿದ ಹಡಗುಗಳಲ್ಲಿ ಬಂದು ದಂಡೆಯ ಊರುಗಳನ್ನು ದೋಚುತ್ತಿದ್ದ ಕಡಲಗಳ್ಳರು. ಅವರ ನಾಯಕನಿಗೆ ಬಂಗಾರದ ಬಣ್ಣದ ಗಡ್ಡ. ಒಂದು ಊರು ಸುಟ್ಟು, ಅಲ್ಲಿಯ ಒಬ್ಬ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಹಡಗಿಗೆ ತರುತ್ತಾನೆ. ಕನ್ನಡಕ್ಕೆ ತಂದ ಪುಣ್ಯಾತ್ಮ ಅವಳಿಗೆ ಇಂಗಳಾ ಎಂದು ಹೆಸರಿಟ್ಟಿದ್ದಾನೆ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಅಂಗಳದಲ್ಲಿ ಹೆಂಗಸರು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂಡುತ್ತಾರಲ್ಲ, ಅಲ್ಲಿ ದಿನಾ ಒಂದೊಂದು ಪ್ರಕರಣ ಓದತೊಡಗಿದೆ. ಕಳ್ಳರ ನಾಯಕನ ಹೆಸರು ಯಾರ ನಾಲಗೆಗೂ ಹತ್ತಲಿಲ್ಲ. ಹಿಂದಿನ ಮನೆಯ ಬಾನುಬಿ ಬಿಡುತ್ತಾಳೆಯೇ? "ಹೆಸರು ಹೇಳಾಕ ಹೋದ್ರ ಹಲ್ಲು ಉದುರ್ತಾವ. ನೀರಾಗಿಂದ ಬಂದಾನಲ್ಲ, ಹೊಳಿಯಪ್ಪ ಅನ್ನು, ಮುಗೀತು!" ಎಂದಳು. ಅಂದಿನಿಂದ ಅವನು ಹೊಳಿಯಪ್ಪನೇ. ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ. ಹೊಳೆಆಲೂರಿನಲ್ಲಿ ಮಲಪ್ರಭೆ ತುಂಬಿ ಬಂದಾಗ ನೋಡಿದ್ದೇವೆ, ಅದಕ್ಕೆ ಆಚೆ ದಂಡೆಯೇ ಇಲ್ಲ ಎಂದುಕೊಳ್ಳಿರಿ ಎಂದು ಹೇಳಿದೆ. ಎದುರು ಮನೆಯ ಮುದುಕವ್ವ ಆಯಿ ಮಾತ್ರ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅಲ್ಲವಾ ತಂಗೀ, ಆ ಹುಡುಗಿ ಅವ್ವ ಏನ್ ಮಾಡಿದ್ಳು? ಮಗಳ್ನ ಒಯ್ದ ದಿನಾ ಆಕಿ ಒಲಿ ಹಚ್ಚಿದ್ಳೋ ಇಲ್ಲೋ? ನೋಡು, ಅಲ್ಲೇ ಎಲ್ಲೋ ಬರದಿರಬೇಕು." ಹಾಳೆ ತಿರುವಿ ತಿರುವಿ ನೋಡಿದೆ. ಅವ್ವನ ಸುದ್ದಿ ಒಂದು ಸಾಲೂ ಇಲ್ಲ.

ಆದರೂ ಕಥೆ ನಮ್ಮನ್ನು ಎಳೆಯಿತು. ಹೊಳಿಯಪ್ಪ ಆ ಹುಡುಗಿಯ ಮೈಮೇಲೆ ಕೈ ಮಾಡುವುದಿಲ್ಲ. ಕರಡಿಯ ತೊಗಲಿನ ಹೊದಿಕೆಯೊಂದನ್ನು ಅವಳ ಮುಂದಿಟ್ಟು, "ನೀನಾಗಿ ಹೊದೆಯುವ ದಿನ ನನ್ನವಳಾದೆ ಎಂದು ತಿಳಿಯುತ್ತೇನೆ" ಎಂದು ಹೇಳಿ ಹೊರಗೆ ನಿಲ್ಲುತ್ತಾನೆ. ಹಿಮ ಬೀಳುತ್ತದೆ. ಮುಂದಿನ ಸಾಲು ಹೀಗಿದೆ: "ಕೊರೆಯುವ ಆ ಬೆಳಗಿನಲ್ಲಿ ಇಂಗಳಾ ಕರಡಿಯ ತೊಗಲನ್ನು ಹೊದ್ದಳು, ಅಂದೇ ಅವಳು ಅವನಿಗೆ ಒಲಿದಳು." ನಾನು ಓದಿ ನಿಲ್ಲಿಸಿದಾಗ ಅಂಗಳದಲ್ಲಿ ರಾಟೆಯ ಸದ್ದೂ ಇರಲಿಲ್ಲ. "ಒಲದ್ಳು ಬಿಡು" ಎಂದು ಬಾನುಬಿ ನಿಟ್ಟುಸಿರು ಬಿಟ್ಟಳು. ನನ್ನ ಕಣ್ಣೂ ತುಂಬಿದ್ದವು. ನನ್ನ ಗಂಡ ನೀಲಪ್ಪ ತೀರಿಕೊಂಡ ಮೇಲೆ ನನ್ನ ಎದುರಿಗೆ ಹಾಗೆ ತಾಳ್ಮೆಯಿಂದ ಯಾರೂ ನಿಂತಿರಲಿಲ್ಲ ಅನ್ನಿಸಿತು. ಮರುದಿನವೇ ತೋಟಪ್ಪ ಬಂದ. ಎಲ್ಲ ಹೆಂಗಸರ ಮುಂದೆ, "ಎಲ್ಲಿ ಮಟಾ ಬಂತು ಕಥಿ? ಹೊದ್ಳೋ ಇಲ್ಲೋ?" ಎಂದು ಕೇಳಿ ನಕ್ಕ. ಆ ನಗೆಯನ್ನು ನಾನು ಆಗಲೇ ಓದಿಕೊಳ್ಳಬೇಕಿತ್ತು. ನೂಲಿನ ಗಂಟು ಕೆಳಗಿಟ್ಟು, "ಹಸರ ಮೈ, ಕೆಂಪ ದಡಿ. ದಡಿ ನಿನಗ ಒಪ್ಪೂವಂಥಾದ್ದು ಹಾಕು" ಎಂದ. ಯಾರಿಗೆಂದು ಕೇಳಿದೆ. "ಉಡಾಕಿ ತಾನ ನೇಯೂದರಾಗ ಬ್ಯಾರೇ ಚಂದ ಐತಿ" ಎಂದು ಹೇಳಿ ಗಾಡಿ ಹತ್ತಿದ.

ಒಗಟು ಬಿಡಿಸಿದವಳು ಅವ್ವ. ಅವನು ಅವಳ ಹತ್ತಿರ ಮೊದಲೇ ಮಾತಾಡಿದ್ದಾನೆ. ನಾಡಿದ್ದು ಶುಕ್ರವಾರ ಸಂಜೆ ಆ ಸೀರೆಯನ್ನು ನನಗೆ ಉಡಿಸಿ ಮುಶಿಗೇರಿಯ ಹೊಲದ ಮನೆಗೆ ಕರೆದೊಯ್ಯುತ್ತಾನಂತೆ. "ಉಡಿಕಿ ಅಂದ್ರ ಕಳವಲ್ಲವಾ. ನಾ ಇನ್ನೆಷ್ಟ ದಿನಾ ನಿನ್ನ ಕಾಯ್ಕೋಂತ ಕೂಡ್ಲಿ? ಹೊಟ್ಟಿ ತುಂಬ ಉಣ್ತೀ" ಎಂದಳು. ಅಣ್ಣಾ, ಉಡಿಕಿಯನ್ನು ನಾನು ಹಳಿಯುವುದಿಲ್ಲ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಂದು ಮನೆ ಕೊಡುವ ಪದ್ಧತಿ ನಮ್ಮಲ್ಲಿದೆ, ಮುದುಕವ್ವ ಆಯಿ ಹಾಗೆ ಬಂದೇ ನಾಲ್ಕು ಮಕ್ಕಳನ್ನು ಸಾಕಿ ಗೌರವದಿಂದ ಬಾಳಿದಳು. ಆದರೆ ತೋಟಪ್ಪನ ಮನೆತನದಲ್ಲಿ ಉಡಿಕಿ ಉಂಟೇ? ಅವರ ವಿಧವೆಯರು ಮೂಲೆಯಲ್ಲಿ ಕುಳಿತೇ ಸಾಯುತ್ತಾರೆ. ಅವನಿಗೆ ಹೆಂಡತಿಯಿದ್ದಾಳೆ, ಮದುವೆಗೆ ಬಂದ ಮಗಳಿದ್ದಾಳೆ. ನಾನು ಅವನ ಮನೆಯ ಹೊಸ್ತಿಲು ದಾಟಲಾರೆ, ಅವನ ಪಂಕ್ತಿಯಲ್ಲಿ ಉಣ್ಣಲಾರೆ, ಹೊಲದ ಮನೆಯಲ್ಲಿ ದನಗಳ ಪಕ್ಕದಲ್ಲಿ ಇರಬೇಕು. ನಮ್ಮ ಪದ್ಧತಿಯನ್ನು ನಮ್ಮ ಕೊರಳಿಗೇ ಹಗ್ಗ ಮಾಡಿಕೊಂಡಿದ್ದಾನೆ. ಬರುವ ವಾರ ದೀಪಾವಳಿಗೆ ನೀನು ಬರುತ್ತೀಯೆಂದು ಅವನಿಗೆ ಗೊತ್ತು, ಅದಕ್ಕೇ ಈ ಶುಕ್ರವಾರ. ಸ್ವಾತಂತ್ರ್ಯ ಬಂತು ಎಂದು ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆಯ ಗುಡ್ಡದ ತನಕ ಕುಣಿದೆಯಲ್ಲ, ಆ ಸ್ವಾತಂತ್ರ್ಯ ಬಸ್ ಸ್ಟ್ಯಾಂಡಿನಲ್ಲೇ ಇಳಿದು ನಿಂತಿದೆ. ಓಣಿಯೊಳಗೆ ಬಂದಿಲ್ಲ.

ಇಷ್ಟಾದರೂ ನನಗೆ ಹೆದರಿಕೆ ಹುಟ್ಟಿರಲಿಲ್ಲ, ಸಿಟ್ಟು ಮಾತ್ರ ಇತ್ತು. ಉಡುವುದಿಲ್ಲ ಎಂದರಾಯಿತು, ಬಲವಂತಕ್ಕೆ ಸೀರೆ ಉಡಿಸಲಾದೀತೇ ಎಂದುಕೊಂಡಿದ್ದೆ. ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಮೇಲಿನ ಓಣಿಯ ಹೊನ್ನವ್ವ ಸಿಕ್ಕಳು. ಅವಳನ್ನು ಹೋದ ವರ್ಷ ಈ ತೋಟಪ್ಪನೇ ಮುಶಿಗೇರಿಗೆ ಒಯ್ದದ್ದು. ಅವಳಾಗಿ ಒಪ್ಪಿ ಹೋದಳು ಎಂದು ಊರೆಲ್ಲ ಆಡಿಕೊಂಡಿತ್ತು, ನಾನೂ ಅವರೊಳಗೆ ಒಬ್ಬಳು. ಒಳ್ಳೆಯ ಸೀರೆ ಉಟ್ಟಿದ್ದಳು, ಮುಖ ಮಾತ್ರ ಜ್ವರ ಬಿಟ್ಟವರ ಹಾಗೆ. ಕಾವಲಿಗೆ ಬಂದಿದ್ದ ತೋಟಪ್ಪನ ಆಳು ದುರಗಪ್ಪ ಬೀಡಿ ಹಚ್ಚಲು ಆಚೆ ಸರಿದಾಗ ನನ್ನ ಕೈ ಹಿಡಿದಳು. "ಎಲ್ಲಾರೂ ಉಟ್ಟಾಳಲ್ಲ, ಒಪ್ಯಾಳ ಅಂತಾರ ಕಳಕೀ. ನಾ ಉಟಗೊಂಡು ಹೋಗಿದ್ದ ಸೀರಿ ಒಗೀತೀವಿ ಅಂತ ಇಸಗೊಂಡ್ರು, ತಿರುಗಿ ಕೊಡಲೇ ಇಲ್ಲ. ಕಂಬಳಿ ಸುತ್ತಿಗೊಂಡು ಎಷ್ಟ ದಿನಾ ಮೂಲ್ಯಾಗ ಕುಂದರ್ಲಿ? ಆತನ ಸೀರಿ ಮುಂದ ಬಿದ್ದಿತ್ತು. ಏನ್ ಉಡ್ಲಿ ಹೇಳು, ಏನ್ ಉಡ್ಲಿ?" ದುರಗಪ್ಪ ತಿರುಗಿದ ಕೂಡಲೇ ಕೈ ಬಿಟ್ಟು, ಜಾತ್ರೆಗೆ ಬಂದವಳ ಹಾಗೆ ನಕ್ಕಳು. 

ಮನೆಗೆ ಬಂದು ಪುಸ್ತಕ ತೆರೆದೆ. ಇಂಗಳಾಳ ಬಟ್ಟೆ ಸಮುದ್ರದ ನೀರಿನಲ್ಲಿ ನೆನೆದಿತ್ತು, ಹರಿದಿತ್ತು ಎಂದು ಮೂರು ಪ್ರಕರಣದ ಹಿಂದೆ ಕಥೆ ಬರೆದವನೇ ಹೇಳಿದ್ದಾನೆ. ಸುತ್ತ ಹಿಮ. ಹೊದೆಯದಿದ್ದರೆ ಅವಳು ಬೆಳಗಾಗುವುದರೊಳಗೆ ಸೆಟೆದು ಸಾಯುತ್ತಿದ್ದಳು. ಚಳಿಗೆ ಹೊದ್ದದ್ದನ್ನು ಒಲಿದಳು ಎಂದು ಬರೆದವನೇ, ನೀನು ಯಾವ ಬೆಚ್ಚಗಿನ ಮೂಲೆಯಲ್ಲಿ ಕುಳಿತಿದ್ದೆಯಪ್ಪಾ? ಮರುದಿನ ಅಂಗಳದಲ್ಲಿ ಹೊನ್ನವ್ವನ ಮಾತನ್ನೂ ಈ ಮಾತನ್ನೂ ಹೇಳಿದೆ. ಬಾನುಬಿ ಕೈಯ ಕಂಡಿಕೆ ಎಸೆದು, "ಆ ಹೊಳಿಯಪ್ಪನ ಗಡ್ಡಕ್ಕ ಬೆಂಕಿ ಹಚ್ಚ! ನಾ ಇದಕ್ಕ ಅತ್ತಿದ್ನಲ್ಲವಾ" ಎಂದಳು. ಮುದುಕವ್ವ ಆಯಿ ನನ್ನ ಅವ್ವನನ್ನೇ ನೋಡುತ್ತ ಕುಳಿತಿದ್ದಳು. ಅವ್ವ ಎದ್ದು ಒಳಗೆ ಹೋದಳು.

ಈಗ ಹೇಳುತ್ತೇನೆ, ನನಗೆ ಹೆದರಿಕೆಯಾಗಿದೆ. ನೀನು ಅಂಜಬಾರದು ಎಂದು ಬರೆಯಬೇಡ. ಅಂಜದೆ ಇರಲು ನನ್ನ ಹಿಂದೆ ಮೆರವಣಿಗೆ ಇಲ್ಲ. ಸೋಮವಾರದಿಂದ ದುರಗಪ್ಪ ಓಣಿಯ ಬಾಯಿಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದಾನೆ. ನೀರಿಗೆ ಹೋದರೆ ಹಿಂದೆ ಬರುತ್ತಾನೆ, ಮೈ ಮುಟ್ಟುವುದಿಲ್ಲ, ಕೊಡ ತುಂಬುವ ತನಕ ನಿಂತಿರುತ್ತಾನೆ. "ನಿಮ್ಮ ಮಗ್ಗದ ಸಪ್ಪಳ ಕೇಳಿದ್ರ ನನಗ ನಿದ್ದಿ ಚಲೋ ಬರ್ತೈತ್ರಿ. ನಿಂತ್ರ ಎಚ್ಚರ ಆಗ್ತೈತಿ" ಎಂದು ನಗುತ್ತಾನೆ. ಓಣಿಯಲ್ಲಿ ಇಷ್ಟು ಮಗ್ಗಗಳಿದ್ದರೂ ನನ್ನ ಮಗ್ಗದ ಸದ್ದನ್ನು ಗುರುತು ಹಿಡಿಯುವಷ್ಟು ಕಿವಿ ಕೊಟ್ಟಿದ್ದಾನೆ. ಎಳೆ ಹರಿದು ಮಗ್ಗ ನಿಂತರೆ ಸಾಕು, ಬಾಗಿಲಲ್ಲಿ ಅವನ ನೆರಳು ಬೀಳುತ್ತದೆ. ನನ್ನನ್ನು ಕಟ್ಟಿಹಾಕುವ ಸೀರೆಯನ್ನು ನಾನೇ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದೇನೆ. ಸೆರಗು ಮಾತ್ರ ಉಳಿದಿದೆ. ಕಾಕಾನನ್ನು ಅತ್ತು ಕರೆದು ಠಾಣೆಗೆ ಕಳಿಸಿದ್ದೆ. "ಎತ್ತಿಗೊಂಡ ಹೋಗ್ಯಾರೇನು? ಇಲ್ಲಲ್ಲ. ಮತ್ತೇನ ಬರಕೊಳ್ಳಿ? ಒಯ್ದ ಮ್ಯಾಲ ಬಾ" ಎಂದನಂತೆ ಅಲ್ಲಿಯ ಜಮಾದಾರ. ಒಯ್ದ ಮೇಲೆ ಹೋದರೆ ಸೀರೆ ಉಟ್ಟಿದ್ದಾಳಲ್ಲ ಎನ್ನುತ್ತಾರೆ. ಕಾಕಾ ಬಂದವನೇ ತನ್ನ ಮಗ್ಗಕ್ಕೆ ಇಳಿದ, ನನ್ನ ಮುಖ ನೋಡಲಿಲ್ಲ. ಅವನಿಗೂ ನೂಲು ಅಲ್ಲಿಂದಲೇ ಬರಬೇಕು.

ಇನ್ನೇನು ಬರೆಯಲಿ. ಬಾಯಿಗೆ ಬಟ್ಟೆ ಕಟ್ಟಿಕೋ. ರೂಮಿನ ಗೆಳೆಯರಿಗೆಲ್ಲ ನನ್ನ ಶರಣು ಹೇಳು. ಅವ್ವನ ಮೇಲೆ ಸಿಟ್ಟಾಗಬೇಡ, ಅವಳಿಗೆ ಹಸಿವೆಯ ಹೆದರಿಕೆ, ನನಗೆ ಬೇರೆಯ ಹೆದರಿಕೆ, ಅಷ್ಟೇ. ಗುಡ್ಡದ ಕಾಲಕಾಲೇಶ್ವರ ನಿನ್ನನ್ನು ತಂಪಾಗಿ ಇಡಲಿ.

ನಿನ್ನ ತಂಗಿ,
ಕಳಕವ್ವ

ತಾ.ಕ.: ಅಣ್ಣಾ, ಊಟದ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದಾಗ ಕಡೆಗೆ ಕಾಕಾ ಹಿಂದೆ ಬಂದು ಇಣುಕಿದ, ಅವನಿಗೆ ಓದಲು ಬರುತ್ತದೆ, ಅದಕ್ಕೆ ತಪ್ಪಿಸಿಕೊಳ್ಳುವ ಖರೇ ಮಾತು ಬರೆಯಲಿಲ್ಲ. ಈಗ ಹೋದ. ಅವ್ವ ನನಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಲು ಗುಡಿಗೆ ಹೋಗಿದ್ದಾಳೆ. ಮುದುಕವ್ವ ಆಯಿ ನನ್ನ ಮಗ್ಗಕ್ಕೆ ಇಳಿದಿದ್ದಾಳೆ. ಮೊಣಕಾಲು ಮಡಚಲು ಬಾರದವಳು ಹಲ್ಲು ಕಚ್ಚಿಕೊಂಡು ಕುಣಿಯೊಳಗೆ ಕುಳಿತು ನನ್ನ ಹಾಗೆಯೇ, ಅದೇ ಓಟದಲ್ಲಿ ಲಾಳಿ ಒಗೆಯುತ್ತಿದ್ದಾಳೆ. "ಹೋಗು, ನಾ ಸಪ್ಪಳಾ ಬಿಡೂದಿಲ್ಲ" ಎಂದಿದ್ದಾಳೆ. ಬಾನುಬಿಯ ಹಿತ್ತಲು ದಾಟಿ ಆಚೆ ಓಣಿಗೆ ಇಳಿಯುತ್ತೇನೆ. ಅವಳು ಜೊತೆಗೆ ಬರುತ್ತಾಳೆ, ರೋಣದ ಮೇಲೆ ಹೊಳೆಆಲೂರು, ಅಲ್ಲಿಂದ ಸೊಲ್ಲಾಪುರದ ರೈಲು ಹತ್ತಿಸುತ್ತಾಳೆ. ಈ ಪತ್ರವನ್ನು ಬಸ್ ಸ್ಟ್ಯಾಂಡಿನ ಡಬ್ಬಿಗೆ ಹಾಕುತ್ತೇನೆ. ಇದಕ್ಕಿಂತ ಮೊದಲು ನಾನು ನಿನ್ನ ಬಾಗಿಲಿಗೆ ಬಂದಿರಬೇಕು. ಬಂದಿದ್ದರೆ ಇದನ್ನು ಹರಿದು ಒಲೆಗೆ ಹಾಕು. ಪತ್ರ ಬಂದು ನಾನು ಬಂದಿರದಿದ್ದರೆ ಮುಶಿಗೇರಿಗೆ ಬಾ. ಒಬ್ಬನೇ ಬರಬೇಡ, ಯೂನಿಯನ್ನಿನವರನ್ನು ಕರೆದುಕೊಂಡು ಹಗಲು ಹೊತ್ತಿನಲ್ಲಿ ಬಾ. ಅಲ್ಲಿ ನಾನು ಹಸಿರು ಸೀರೆಯಲ್ಲಿ ಇದ್ದರೆ ಸೀರೆ ನೋಡಬೇಡ. ನಗುತ್ತಿದ್ದರೆ ನಗೆ ನಂಬಬೇಡ. ಚಲೋ ಇದ್ದೇನೆ ಅಣ್ಣಾ, ನೀ ಹೋಗು ಎಂದು ನನ್ನ ಬಾಯಿಂದಲೇ ಬಂದರೂ ನಂಬಬೇಡ, ಹಿಂದೆ ದುರಗಪ್ಪ ನಿಂತಿರುತ್ತಾನೆ. ತೋಟಪ್ಪನ, ಜಮಾದಾರನ, ಊರವರ, ಅವ್ವನ ಮುಂದೆ ಇದಿಷ್ಟನ್ನು ಗಟ್ಟಿಯಾಗಿ ಓದು: ನಾನು ಕಳಕವ್ವ, ಎಚ್ಚರದಲ್ಲಿದ್ದು, ನನ್ನ ಸ್ವಂತ ಸೀರೆ ಉಟ್ಟುಕೊಂಡು, ನನ್ನ ಕೈಯಿಂದ ಬರೆದದ್ದು. ನಾನು ಒಪ್ಪಿಲ್ಲ.